ಬೆಳೆಯುವ ಕಲ್ಲಿನ ಮೇಲಣ ಕಾಲುದಾರಿ

ಕಲ್ಲು ಸವೆಯುವುದನ್ನು ನಾವೆಲ್ಲರೂ ಬಲ್ಲೆವು. ಹಳೆಯ ದೇವಾಲಯದ ಮೆಟ್ಟಿಲು ಯಾತ್ರಿಕರ ಪಾದಗಳಿಂದ ತಗ್ಗಾಗುತ್ತದೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಉಜ್ಜಾಟದಿಂದ ಗೀರು ಮೂಡುತ್ತದೆ. ಆದರೆ ಕಲ್ಲು ಬೆಳೆಯುವುದುಂಟೆ? ಉಂಟು. ಯೂರೋಪಿನ ಕ್ರೊಯೇಷಿಯ ದೇಶದ ಒಂದು ಅರಣ್ಯದಲ್ಲಿ ಹರಿಯುವ ನೀರು ತನ್ನ ಹಾದಿಗೆ ತಾನೇ ಕಲ್ಲಿನ ಕಟ್ಟೆಗಳನ್ನು ಕಟ್ಟಿಕೊಳ್ಳುತ್ತಿದೆ. ಆ ಕಟ್ಟೆಗಳು ವರ್ಷದಿಂದ ವರ್ಷಕ್ಕೆ ಮೇಲೇಳುತ್ತಿವೆ. ಅವುಗಳ ಮೇಲೆ ಪ್ರತಿವರ್ಷವೂ ಲಕ್ಷಾಂತರ ಜನ ನಡೆದು ಹೋಗುತ್ತಾರೆ. ಬೆಳೆಯುತ್ತಿರುವ ಕಲ್ಲನ್ನು ತುಳಿಯದೆ ಅದರ ಮೇಲೆ ನಡೆಯುವುದು ಹೇಗೆ ಎಂಬುದೇ ಅಲ್ಲಿಯ ಹಾದಿಗಳನ್ನು ನಿರ್ಮಿಸಿದವರ ಮುಂದಿದ್ದ ಪ್ರಶ್ನೆ.

ಈ ಸ್ಥಳದ ಹೆಸರು ಪ್ಲಿಟ್ವಿಟ್ಸೆ. ೧೯೪೯ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಕ್ರೊಯೇಷಿಯದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಮುನ್ನೂರು ಚದರ ಕಿಲೋಮೀಟರಿಗೆ ತುಸು ಕಡಮೆಯಾದ ಇದರ ವಿಸ್ತೀರ್ಣದಲ್ಲಿ ಬಹುಭಾಗವೆಲ್ಲ ಬೀಚ್, ಫರ್ ಮುಂತಾದ ಮರಗಳ ದಟ್ಟಕಾಡು. ಕರಡಿ, ತೋಳ, ಲಿಂಕ್ಸ್ ಎಂಬ ಕಾಡುಬೆಕ್ಕು ಇಲ್ಲಿ ಇಂದಿಗೂ ವಾಸಿಸುತ್ತವೆ. ಪ್ರಖ್ಯಾತವಾದ ಸರೋವರಗಳು ಆಕ್ರಮಿಸಿರುವುದು ಇಡೀ ಉದ್ಯಾನದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಒಟ್ಟು ೧೬ ಸರೋವರಗಳು ಸೋಪಾನದಂತೆ ಒಂದರ ಕೆಳಗೊಂದು ಇವೆ. ಮೇಲಣ ಪ್ರೋಶ್ಚಾನ್ಸ್ಕೊ ಸರೋವರ ಸಮುದ್ರಮಟ್ಟದಿಂದ ಸುಮಾರು ೬೩೬ ಮೀಟರು ಎತ್ತರದಲ್ಲಿದ್ದರೆ, ಕಟ್ಟಕಡೆಯದು ಸುಮಾರು ೫೦೩ ಮೀಟರು ಎತ್ತರದಲ್ಲಿದೆ. ಇವೆರಡರ ನಡುವಣ ೧೩೩ ಮೀಟರುಗಳ ಇಳಿಜಾರನ್ನು ನೀರು ಅಸಂಖ್ಯ ಜಲಪಾತಗಳಾಗಿ ಧುಮುಕಿ ದಾಟುತ್ತದೆ. ಬಳಿಕ ಕೊರಾನಾ ಎಂಬ ನದಿಯಾಗಿ ಮುಂದೆ ಹರಿಯುತ್ತದೆ.

ಸುಣ್ಣದ ತಿಳಿಯ ಪಾಠ

ಈ ಕಟ್ಟೆಗಳ ರಹಸ್ಯವನ್ನು ತಿಳಿಯಲು ಶಾಲೆಯ ಪ್ರಯೋಗವೊಂದನ್ನು ನೆನೆದರೆ ಸಾಕು. ಸುಣ್ಣದ ತಿಳಿಯೊಳಕ್ಕೆ ಕೊಳವೆಯ ಮೂಲಕ ಬಾಯಿಯಿಂದ ಊದಿದರೆ, ನಮ್ಮ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈ ಆಕ್ಸೈಡು, ಅದರೊಡನೆ ಕೂಡಿ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಈ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟಿನದು. ಸುಣ್ಣಕಲ್ಲೂ ಇದೇ ವಸ್ತು. ಊದುವುದನ್ನು ನಿಲ್ಲಿಸದೆ ಮುಂದುವರಿಸಿದರೆ ನೀರು ಪುನಃ ತಿಳಿಯಾಗುತ್ತದೆ. ಹೆಚ್ಚಾದ ಇಂಗಾಲಾಮ್ಲವು ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿ ಕರಗಿಸಿಬಿಡುವುದೇ ಇದಕ್ಕೆ ಕಾರಣ. ಆ ನೀರನ್ನು ಕಾಯಿಸಿದರೆ ವಾಯು ಹೊರಹೋಗಿ, ಬಿಳುಪು ಮತ್ತೆ ಕಾಣಿಸಿಕೊಳ್ಳುತ್ತದೆ. ಗಡಸುನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಕಲ್ಲಿನಂಥ ಪದರ ಕಟ್ಟುವುದೂ ಹೀಗೆಯೇ.

ಪ್ಲಿಟ್ವಿಟ್ಸೆಯಲ್ಲಿ ಊದುವ ಕೆಲಸ ಅರಣ್ಯದ್ದು. ಮರಗಳ ಬೇರುಗಳೂ ತರಗೆಲೆಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳೂ ಉಸಿರಾಡುವುದರಿಂದ ಮಣ್ಣಿನೊಳಗಣ ಗಾಳಿಯಲ್ಲಿ ಇಂಗಾಲಾಮ್ಲ ಹೇರಳವಾಗಿರುತ್ತದೆ. ಮಳೆಯ ನೀರು ಅದನ್ನು ಹೀರಿಕೊಂಡು, ಕೆಳಗಿರುವ ಸುಣ್ಣಕಲ್ಲಿನ ಬಿರುಕುಗಳಲ್ಲಿಳಿದು, ಅದನ್ನು ಕರಗಿಸುತ್ತ ಸಾಗಿ, ಎಲ್ಲೋ ಒಂದೆಡೆ ಚಿಲುಮೆಯಾಗಿ ಹೊರಬೀಳುತ್ತದೆ. ಚಿಲುಮೆಯ ಬಾಯಲ್ಲಿ ಕಲ್ಲು ಕಟ್ಟುವುದಿಲ್ಲ. ಅಲ್ಲಿ ನೀರಿನಲ್ಲಿ ಇಂಗಾಲಾಮ್ಲ ಇನ್ನೂ ತುಂಬಿರುತ್ತದೆ. ನೀರು ಹರಿಯುತ್ತ, ಬಂಡೆಗೆ ಬಡಿದು ಚಿಮ್ಮುತ್ತ ಹೋದಂತೆ ವಾಯುವು ಹೊರಹೋಗುತ್ತದೆ, ಕರಗಿದ್ದ ಸುಣ್ಣ ಹೊರಬರಲು ಹವಣಿಸುತ್ತದೆ. ನೀರು ಹೆಚ್ಚು ಚಿಮ್ಮುವುದು ಧುಮುಕುವ ಸ್ಥಳದಲ್ಲಿ. ಆದುದರಿಂದ ಕಲ್ಲು ಹೆಚ್ಚು ಬೆಳೆಯುವುದೂ ಅಲ್ಲಿಯೇ. ಜಲಪಾತವು ಸಾಮಾನ್ಯವಾಗಿ ತಾನು ಬೀಳುವ ಬಂಡೆಯನ್ನು ಕೊರೆಯುತ್ತದೆ. ಇಲ್ಲಿ ಅದನ್ನು ಕಟ್ಟುತ್ತದೆ.

ಹಾವಸೆಯ ಪಾತ್ರ

ಆದರೆ ರಸಾಯನಕ್ರಿಯೆಯೊಂದೇ ಇದಕ್ಕೆ ಸಾಲದು. ಕ್ರೊಯೇಷಿಯದ ಸಸ್ಯವಿಜ್ಞಾನಿ ಇವೋ ಪೆವಾಲೆಕ್ ಅವರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಕಟ್ಟೆಗಳನ್ನು ಪರಿಶೀಲಿಸಿ, ಹಾವಸೆ ಮತ್ತು ಪಾಚಿಗಳ ನೆರವನ್ನು ಎತ್ತಿ ತೋರಿಸಿದರು. ನೀರಿನ ತುಂತುರು ಬೀಳುವೆಡೆ ಹಾವಸೆಯು ದಟ್ಟವಾಗಿ ಹಬ್ಬುತ್ತದೆ. ಅದರ ಎಳೆಗಳ ಮೇಲೆ ವಾಸಿಸುವ ಸೂಕ್ಷ್ಮ ಪಾಚಿಗಳೂ ಬ್ಯಾಕ್ಟೀರಿಯಗಳೂ ಒಂದು ಬಗೆಯ ಲೋಳೆಯನ್ನು ಸ್ರವಿಸುತ್ತವೆ. ನೀರಿನಲ್ಲಿ ತೇಲುವ ಸುಣ್ಣದ ಅತಿಸೂಕ್ಷ್ಮ ಹರಳುಗಳು ಆ ಲೋಳೆಗೆ ಅಂಟಿಕೊಂಡು ದೊಡ್ಡದಾಗುತ್ತವೆ. ಹಾವಸೆಯ ಬುಡ ಕಲ್ಲಾಗುತ್ತ ಬಂದರೂ ಅದರ ತುದಿ ಮಾತ್ರ ಹಸುರಾಗಿಯೇ ಮೇಲಕ್ಕೆ ಬೆಳೆಯುತ್ತದೆ. ಮುಂದೆ ಆ ತುದಿಗೂ ಕಲ್ಲಾಗುವ ಸರದಿ ಬರುತ್ತದೆ. ಹೀಗೆ ಹುಟ್ಟಿದ ತೂತುತೂತಾದ ಹಗುರ ಕಲ್ಲಿಗೆ ಟೂಫಾ ಎಂದು ಹೆಸರು.

ಅನುಕೂಲ ಸ್ಥಳಗಳಲ್ಲಿ ಈ ಕಲ್ಲು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಈಗ ಕಾಣುವ ಕಟ್ಟೆಗಳೆಲ್ಲ ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಎದ್ದವು. ಕೆಳಗಣ ಕಟ್ಟೆಯೊಂದು ಮೇಲಣ ಕಟ್ಟೆಗಿಂತ ಬೇಗ ಬೆಳೆದರೆ, ಅದರ ಹಿಂದಣ ನೀರು ಏರಿ ಮೇಲಣದನ್ನು ಮುಳುಗಿಸುವುದೂ ಉಂಟು. ಇವುಗಳಲ್ಲೆಲ್ಲ ದೊಡ್ಡದಾದ, ಸುಮಾರು ೪೭ ಮೀಟರು ಆಳವಿರುವ ಕೊಜ್ಯಾಕ್ ಸರೋವರದ ನೀರಿನಡಿಯಲ್ಲಿ ಹಾಗೆ ಮುಳುಗಿದ ಹಳೆಯ ಕಟ್ಟೆ ಇಂದಿಗೂ ಇದೆ. ಒಂದು ಕಾಲದಲ್ಲಿ ಎರಡಾಗಿದ್ದ ಸರೋವರಗಳು ಈಗ ಒಂದಾಗಿವೆ.

ಪಾದದ ಭಾರ

ಇಂಥ ಸ್ಥಳದಲ್ಲಿ ಹಾದಿ ಮಾಡುವವನ ಕಷ್ಟವನ್ನು ಈಗ ಊಹಿಸಬಹುದು. ಸಾಧಾರಣ ಕಾಡಿನಲ್ಲಿಯೂ ಕಾಲುದಾರಿಯು ನೆಲಕ್ಕೆ ಗಾಯವೇ ಸರಿ. ಪಾದಗಳ ಒತ್ತಡದಿಂದ ಮಣ್ಣಿನ ಕಣಗಳ ನಡುವಣ ರಂಧ್ರಗಳು ಮುಚ್ಚಿಹೋಗುತ್ತವೆ. ಮಳೆನೀರು ಇಂಗಲಾರದೆ ಹಾದಿಯ ಮೇಲೆಯೇ ಹರಿದು ಮಣ್ಣನ್ನು ಕೊಚ್ಚುತ್ತದೆ. ಹಾದಿ ಕೊರಕಲಾದಾಗ ನಡೆಯುವವರು ಪಕ್ಕಕ್ಕೆ ಸರಿದು ಹೊಸ ಜಾಡು ಹಿಡಿಯುತ್ತಾರೆ, ಅದೂ ಕೊರಕಲಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಮಣ್ಣಿನ ಹಾದಿಯನ್ನು ಅಡ್ಡಗಾಲುವೆ ತೋಡಿ, ಕಲ್ಲು ಹಾಸಿ ದುರಸ್ತಿ ಮಾಡಬಹುದು. ಟೂಫಾದ ವಿಷಯ ಬೇರೆ. ಎಳೆಯ ಟೂಫಾ ಬೂಟುಗಾಲಿನ ಒಂದು ತುಳಿತಕ್ಕೆ ಪುಡಿಯಾಗುತ್ತದೆ. ಹತ್ತು ಸೆಂಟಿಮೀಟರು ಮುರಿದರೆ ಹತ್ತು ವರ್ಷಗಳ ಬೆಳೆವಣಿಗೆ ಹೋದಂತೆ. ಹಾವಸೆ ಕಿತ್ತುಹೋದರೆ ಕಲ್ಲು ಕಟ್ಟುವ ಕೆಲಸಗಾರರೇ ಇಲ್ಲದಂತಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಮರದ ಅಟ್ಟಣೆಯ ಹಾದಿ. ಉದ್ದಕ್ಕೆ ತೊಲೆಗಳನ್ನಿರಿಸಿ ಅವುಗಳ ಮೇಲೆ ಮರದ ತುಂಡುಗಳನ್ನು ಅಡ್ಡಲಾಗಿ ಜೋಡಿಸಿದ ಈ ಹಾದಿ ನೀರಿಗಿಂತ ಸ್ವಲ್ಪವೇ ಮೇಲಿರುತ್ತದೆ. ಪಾದ ಕಲ್ಲನ್ನು ಮುಟ್ಟುವುದಿಲ್ಲ. ನೀರು ಅಡಿಯಲ್ಲಿ ತನ್ನ ಪಾಡಿಗೆ ಹರಿಯುತ್ತದೆ. ತುಂಡುಗಳ ನಡುವಣ ಸಂದುಗಳಿಂದ ಒಂದಿಷ್ಟು ಬೆಳಕೂ ಇಳಿಯುತ್ತದೆ. ಇಂಥ ಹಾದಿಗೆ ಆಯುಸ್ಸು ಕಡಮೆ ಎಂಬುದು ನಿಜ. ಸದಾ ತೇವದಲ್ಲಿರುವ ಮರ ಕೊಳೆಯುತ್ತದೆ, ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಆದರೆ ಈ ದೋಷವೇ ಇಲ್ಲಿ ಗುಣವೂ ಹೌದು. ಕಟ್ಟೆ ಬೆಳೆದಂತೆ ನೀರಿನ ಮಟ್ಟವೂ ಹರಿಯುವ ಜಾಡೂ ಬದಲಾಗುತ್ತವೆ. ಸಿಮೆಂಟಿನ ಹಾದಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಮರದ ಹಾದಿಯನ್ನು ಎತ್ತಿ ಬೇರೆಡೆ ಇಡಬಹುದು. ನೀರು ಉಕ್ಕಿ ಬಂದ ದಿನಗಳಲ್ಲಿ ಕೆಲವು ಹಾದಿಗಳು ಮುಳುಗುತ್ತವೆ. ಆಗ ಅವನ್ನು ಮುಚ್ಚಿ ನೀರು ಇಳಿಯುವವರೆಗೆ ಕಾಯುತ್ತಾರೆ.

ಸರೋವರಗಳನ್ನು ಸುತ್ತುವ ಹಾದಿಗಳನ್ನು ಬೇರೆ ಬೇರೆ ಅಕ್ಷರಗಳಿಂದ ಗುರುತಿಸಿದ್ದಾರೆ. ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಚಿಕ್ಕ ಸುತ್ತಿನಿಂದ ಹಿಡಿದು ಸುಮಾರು ೧೮ ಕಿಲೋಮೀಟರುಗಳ, ಇಡೀ ದಿನ ಬೇಡುವ ಸುತ್ತಿನವರೆಗೆ ಅವರವರ ಶಕ್ತಿಗೆ ತಕ್ಕುದನ್ನು ಆರಿಸಿಕೊಳ್ಳಬಹುದು. ಕೊಜ್ಯಾಕನ್ನು ದಾಟಲು ವಿದ್ಯುತ್ತಿನಿಂದ ನಡೆಯುವ ದೋಣಿಗಳಿವೆ. ಪ್ಲಿಟ್ವಿಟ್ಸಾ ತೊರೆ ೭೮ ಮೀಟರು ಎತ್ತರದಿಂದ ಧುಮುಕುವ ವೆಲಿಕಿ ಸ್ಲಾಪ್ ಎಂಬ ಜಲಪಾತದ ಬುಡಕ್ಕೂ ಹಾದಿಯುಂಟು. ಜನಸಂದಣಿಯಿಂದ ದೂರವಿರಬಯಸುವವರಿಗೆ, ಬೀಚ್ ಮತ್ತು ಫರ್ ಮರಗಳ ಪ್ರಾಚೀನಾರಣ್ಯವಾದ ಚೋರ್ಕೋವಾ ಊವಾಲಾದ ಕಡೆ ಹೋಗುವ ಕಾಡುಹಾದಿ ಇದೆ.

ಕಾಣದ ಅಪಾಯ

ಅಟ್ಟಣೆಯು ಕಲ್ಲನ್ನು ಪಾದದಿಂದ ರಕ್ಷಿಸಬಲ್ಲದು. ನೀರನ್ನು ಮಾಲಿನ್ಯದಿಂದ ರಕ್ಷಿಸಲಾರದು. ನೀರಿನಲ್ಲಿ ಕರಗಿದ ಜೈವಿಕ ಪದಾರ್ಥ ಹೆಚ್ಚಾದರೆ ಸುಣ್ಣದ ಹರಳು ಕಟ್ಟುವುದು ಕುಂಠಿತವಾಗುತ್ತದೆ. ವಸತಿಗೃಹಗಳ ಕೊಳೆನೀರು ಸೋರಿ ಸೇರಿದರೆ ನೀರುಗಿಡಗಳು ಕೊಬ್ಬಿ ಬೆಳೆದು, ಕೊಳೆತು, ಆ ಪದಾರ್ಥವನ್ನು ಹೆಚ್ಚಿಸುತ್ತವೆ. ಸರೋವರಗಳಲ್ಲಿ ಈಜುವುದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಯುನೆಸ್ಕೊ ಸಂಸ್ಥೆಯು ೧೯೭೯ರಲ್ಲಿ ಪ್ಲಿಟ್ವಿಟ್ಸೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ೧೯೯೧ರಲ್ಲಿ ಯುದ್ಧ ಇಲ್ಲಿಗೂ ಬಂದಿತು. ೧೯೯೨ರಿಂದ ೧೯೯೭ರವರೆಗೆ ಇದು ಅಪಾಯಕ್ಕೊಳಗಾದ ತಾಣಗಳ ಪಟ್ಟಿಯಲ್ಲಿತ್ತು. ಆ ವಿಪತ್ತು ಕಳೆದ ಮೇಲೆ ಬಂದುದು ಜನಪ್ರವಾಹ. ೨೦೧೭ನೆಯ ಒಂದೇ ವರ್ಷದಲ್ಲಿ ೧೭ ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬಂದರು. ಆಮೇಲೆ ಪ್ರವೇಶದ ಚೀಟಿಗೆ ಗಂಟೆ ಗೊತ್ತುಮಾಡಿ ಸಂದಣಿಯನ್ನು ಹತೋಟಿಗೆ ತರಲು ಯತ್ನ ನಡೆಯಿತು. ನೋಡಲು ಬರುವವರಿಲ್ಲದಿದ್ದರೆ ಕಾಪಾಡಲು ಹಣವಿಲ್ಲ. ಬರುವವರು ಮಿತಿಮೀರಿದರೆ ಕಾಪಾಡಲು ಉಳಿಯುವುದೇನು? ಈ ತೊಡಕಿಗೆ ಯಾವ ರಾಷ್ಟ್ರೀಯ ಉದ್ಯಾನವೂ ಹೊರತಲ್ಲ.

ಆ ಹಾದಿಯಲ್ಲಿ ನಡೆಯುವವರಿಗೆ ವಿಧಿಸಿರುವ ನಿಯಮ ಬಹು ಸರಳ: ಹಲಗೆಯಿಂದ ಕೆಳಗೆ ಕಾಲಿಡಬಾರದು. ಬಹುಮಟ್ಟಿಗೆ ಅಲ್ಲಿ ಕೈಪಿಡಿಯ ಬೇಲಿಯೂ ಇಲ್ಲ. ಒಂದು ಮಾರು ದೂರದಲ್ಲಿ ಹಸುರು ಹಾವಸೆ ನೀರಿನಲ್ಲಿ ತೊಯ್ದು ನಿಂತಿರುತ್ತದೆ. ಅದರ ಬುಡ ಆಗಲೇ ಕಲ್ಲಾಗಿರುತ್ತದೆ.