ಚಾಕರಿಯ ತಮಟೆ ಹೋರಾಟದ ದನಿಯಾದಾಗ

ಕೋಲಾರ: ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಭಾಷಣದಷ್ಟೇ ಪ್ರಾಮುಖ್ಯ ಸಮೂಹಗಾಯನಕ್ಕೂ ಇತ್ತು. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುವುದು ಇದರ ಕ್ರಮ. ಆದ್ದರಿಂದ ಅಕ್ಷರ ಬಾರದವರೂ ದನಿಗೂಡಿಸಿದರು. ಊರ ಚಾಕರಿಯ ಗುರುತಾಗಿದ್ದ ತಮಟೆಯೇ ಹೋರಾಟದ ವಾದ್ಯವಾಯಿತು.

ಜಿಲ್ಲೆಯ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಇಂಥ ಹಲವು ಹಾಡುಗಳನ್ನು ರಚಿಸಿದರು. ತೇರಹಳ್ಳಿ ಬೆಟ್ಟದಲ್ಲಿ ಅವರು ಕಟ್ಟಿದ ‘ಆದಿಮ’ ಕೇಂದ್ರದ ‘ಹುಣ್ಣಿಮೆ ಹಾಡು’ ಈ ಪರಂಪರೆಗೆ ವೇದಿಕೆಯಾಯಿತು.

ಅಮೆರಿಕದಲ್ಲೂ ಇದಕ್ಕೆ ಸಮಾನ ನಿದರ್ಶನವಿದೆ. ಗುಲಾಮಗಿರಿಯಿಂದ ಬಿಡುಗಡೆಗೊಂಡವರಿಗಾಗಿ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ ಆರಂಭವಾದ ಫಿಸ್ಕ್ ವಿದ್ಯಾಲಯ ಸಾಲದಲ್ಲಿ ಮುಳುಗಿದಾಗ, 1871ರಲ್ಲಿ ಒಂಬತ್ತು ವಿದ್ಯಾರ್ಥಿಗಳ ತಂಡ ಹಾಡಿ ಹಣ ಸಂಗ್ರಹಿಸಲು ಹೊರಟಿತು. ದಾಸ್ಯದ ದಿನಗಳ ಹಾಡುಗಳನ್ನು ಪರರೆದುರು ಹಾಡಲು ಅವರು ಮೊದಲು ಅಳುಕಿದ್ದರು. ಕೊನೆಗೆ, ಇಲ್ಲಿನ ತಮಟೆಯಂತೆ, ಆ ಹಾಡುಗಳೇ ವಿದ್ಯಾಲಯವನ್ನು ಉಳಿಸಿದವು. ಗಳಿಸಿದ ಹಣದಿಂದ ‘ಜುಬಿಲಿ ಹಾಲ್’ ತಲೆ ಎತ್ತಿತು.