ದಿಬ್ಬದಲ್ಲಿ ಸಿಗುವ ಎರಡು ಸೆಕೆಂಡು

ಭಾನುವಾರ ಬೆಳಗಿನ ಹೊತ್ತು ನಂದಿಬೆಟ್ಟದ ದಾರಿಯಲ್ಲಿ ಕಾರುಗಳ ಸಾಲು ತೆವಳುತ್ತಿರುತ್ತದೆ. ಮುಂದಿನದು ನಿಂತರೆ ಹಿಂದಿನವೆಲ್ಲ ನಿಲ್ಲಬೇಕು, ಮತ್ತೆ ಏರಿನಲ್ಲೇ ಹೊರಡಬೇಕು. ಹೊಸದಾಗಿ ಕಾರು ಕಲಿತವರ ಅಂಗೈ ಬೆವರುವುದು ಇಲ್ಲೇ. ಬ್ರೇಕ್ ಮೇಲಿನ ಬಲಗಾಲು ಆಕ್ಸಿಲರೇಟರ್‌ಗೆ ಹೋಗುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರುತ್ತದೆ. ಗಾಬರಿಯಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಆಫ್. ಹಿಂದಿನವರ ಹಾರ್ನ್ ಬೇರೆ.

ಈ ಜಾರಾಟಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಿಬ್ಬದಲ್ಲಿ 1,000 ಕೆ.ಜಿ. ತೂಕದ ಕಾರನ್ನು ಹಿಂದಕ್ಕೆಳೆಯುವ ಬಲ ಸುಮಾರು 100 ಕೆ.ಜಿ. ಭಾರಕ್ಕೆ ಸಮ. ತಡೆ ಇಲ್ಲದಿದ್ದರೆ ಮೊದಲ ಸೆಕೆಂಡಿನಲ್ಲಿ ಅರ್ಧ ಮೀಟರ್‌ಗಿಂತ ತುಸು ಕಡಿಮೆ, ಎರಡನೇ ಸೆಕೆಂಡು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ಮೀಟರ್‌ನಷ್ಟು ಹಿಂದೆ ಬಂದಿರುತ್ತದೆ. ವಾಹನ ದಟ್ಟಣೆಯಲ್ಲಿ ಹಿಂದಿನ ಕಾರಿನ ಬಂಪರ್ ಅಷ್ಟು ದೂರವೂ ಇರುವುದಿಲ್ಲ.

ಇಂಥ ದಿಬ್ಬ ಸಿಗಲು ಚಾರ್ಮಾಡಿಗೋ ಆಗುಂಬೆಗೋ ಹೋಗಬೇಕೆಂದೇನಿಲ್ಲ. ಗುಡ್ಡಗಾಡಿನ ಹೆದ್ದಾರಿಗೆ ಎಂಜಿನಿಯರ್‌ಗಳು ಸಾಮಾನ್ಯವಾಗಿ 20 ಅಡಿಗೆ 1 ಅಡಿಯಷ್ಟು ಏರು ಇಡುತ್ತಾರೆ. ಅಪಾರ್ಟ್‌ಮೆಂಟ್, ಮಾಲ್‌ಗಳ ಬೇಸ್‌ಮೆಂಟ್‌ನಿಂದ ಮೇಲೆ ಬರುವ ರ‍್ಯಾಂಪ್ ಅದಕ್ಕಿಂತ ಕಡಿದು. ಘಾಟಿಯ ಮುಖವನ್ನೇ ನೋಡದ ಬೆಂಗಳೂರಿನ ಚಾಲಕರೂ ದಿನ ಬೆಳಗಾದರೆ ಹತ್ತುವ ಏರು ಇದು. ಗೇಟ್ ಹತ್ತಿರ ಸೆಕ್ಯುರಿಟಿಯವರು ಕೈ ಅಡ್ಡ ಹಿಡಿದರೆ ರ‍್ಯಾಂಪ್ ಮೇಲೇ ನಿಲ್ಲಬೇಕು.

ಬ್ರೇಕ್‌ನಿಂದ ಕಾಲೆತ್ತಿ ಆಕ್ಸಿಲರೇಟರ್ ಒತ್ತುವ ನಡುವಿನ ಆ ಚೂರು ಸಮಯವನ್ನು ಕಾಯಲೆಂದೇ ಬಂದದ್ದು ಹಿಲ್ ಸ್ಟಾರ್ಟ್ ಅಸಿಸ್ಟ್. ಕೆಲವು ಕಂಪನಿಗಳು ಇದನ್ನೇ ಹಿಲ್ ಹೋಲ್ಡ್ ಎನ್ನುತ್ತವೆ. ಕಾರು ಏರಿನಲ್ಲಿ ನಿಂತಿದೆ ಎಂಬುದನ್ನು ಸೆನ್ಸರ್ ಗುರುತಿಸುತ್ತದೆ. ಕಾಲು ಎತ್ತಿದರೂ ಚಕ್ರಗಳ ಬ್ರೇಕ್‌ನಲ್ಲಿರುವ ಆಯಿಲ್‌ನ ಒತ್ತಡ ಇಳಿಯದಂತೆ ವಾಲ್ವ್‌ಗಳು ಮುಚ್ಚಿಕೊಳ್ಳುತ್ತವೆ. ಕಾರು ಜಾರದಂತೆ ಕಾಯುವ ಇಎಸ್‌ಸಿ ವ್ಯವಸ್ಥೆಯ ವಾಲ್ವ್‌ಗಳೇ ಇಲ್ಲೂ ದುಡಿಯುತ್ತವೆ; ಬೇರೆ ಬ್ರೇಕ್ ಏನೂ ಇಲ್ಲ. ಎಂಜಿನ್‌ನಿಂದ ಸಾಕಷ್ಟು ಬಲ ಬಂದದ್ದು ಕಂಡಾಗ ಒತ್ತಡ ನಿಧಾನವಾಗಿ ಇಳಿದು ಕಾರು ಮುಂದೆ ಸಾಗುತ್ತದೆ. ಏರಿನ ಕಡೆಗೆ ಬೆನ್ನು ಮಾಡಿ ನಿಂತ ಕಾರನ್ನು ರಿವರ್ಸ್ ತೆಗೆಯುವಾಗಲೂ ಹಲವು ಕಾರುಗಳಲ್ಲಿ ಇದು ಕೆಲಸ ಮಾಡುತ್ತದೆ.

ಉಪಾಯ ಹಳೆಯದು. ಅಮೆರಿಕದ ಸ್ಟೂಡಿಬೇಕರ್ ಕಂಪನಿ 1936ರಲ್ಲೇ ‘ಹಿಲ್ ಹೋಲ್ಡರ್’ ಎಂಬ ಸಾಧನವನ್ನು ಕಾರಿಗೆ ಅಳವಡಿಸಿತ್ತು. ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲಿ ಒಂದು ಗುಂಡು. ಕಾರು ಮೂತಿ ಮೇಲೆ ಮಾಡಿ ನಿಂತಾಗ ಅದು ಹಿಂದಕ್ಕೆ ಉರುಳಿ ದಾರಿ ಮುಚ್ಚುತ್ತಿತ್ತು. ಕ್ಲಚ್ ಬಿಟ್ಟಾಗ ದಾರಿ ಮತ್ತೆ ತೆರೆದುಕೊಳ್ಳುತ್ತಿತ್ತು. ಎಲೆಕ್ಟ್ರಾನಿಕ್ಸ್ ಸುಳಿವೇ ಇಲ್ಲದ ಕಾಲದಲ್ಲಿ ಇಂಥದ್ದೊಂದು ಯೋಚನೆ ಹೊಳೆದದ್ದು ನಿಜಕ್ಕೂ ದೊಡ್ಡದು.

ಆದರೆ ಈ ಸೌಲಭ್ಯ ಕಾರನ್ನು ಹಿಡಿದು ನಿಲ್ಲಿಸುವುದು ಹೆಚ್ಚಿನ ಕಾರುಗಳಲ್ಲಿ 2ರಿಂದ 3 ಸೆಕೆಂಡು ಮಾತ್ರ. ಆಮೇಲೆ ಬ್ರೇಕ್ ಬಿಟ್ಟುಕೊಳ್ಳುತ್ತದೆ. ಪಕ್ಕದವರ ಜೊತೆ ಮಾತಾಡುತ್ತ, ಮೊಬೈಲ್ ನೋಡುತ್ತ ‘ಕಾರೇ ಹಿಡಿದುಕೊಂಡಿದೆಯಲ್ಲ’ ಎಂದು ಕಾಲು ಎತ್ತಿ ಕೂತವರು ಮರುಗಳಿಗೆಯಲ್ಲೇ ಹಿಂದಕ್ಕೆ ಜಾರುತ್ತಾರೆ. ಇದು ಪಾರ್ಕಿಂಗ್ ಬ್ರೇಕ್ ಅಲ್ಲ. ಆಟೋ ಹೋಲ್ಡ್ ಕೂಡ ಅಲ್ಲ. ಅದಕ್ಕೆ ಪ್ರತ್ಯೇಕ ಬಟನ್ ಇರುತ್ತದೆ, ಅದು ಸಿಗ್ನಲ್ ಬಿಡುವವರೆಗೂ ಕಾರನ್ನು ಹಿಡಿದಿಡಬಲ್ಲದು.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಚಾಲಕರು ಒತ್ತಿದ ಬ್ರೇಕ್‌ನ ಒತ್ತಡವನ್ನೇ ಇದು ಉಳಿಸಿಕೊಳ್ಳುವುದು. ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿದ್ದರೆ ಉಳಿಸಿಕೊಳ್ಳಲು ಒತ್ತಡವೇ ಸಾಲದು. ಹಾಗಾಗಿ ಏರಿನಲ್ಲಿ ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿರಬೇಕು. ಮ್ಯಾನುಯಲ್ ಕಾರಾದರೆ ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿಟ್ಟುಕೊಂಡು, ಆಮೇಲೆ ಬ್ರೇಕ್ ಬಿಡಬೇಕು. ನ್ಯೂಟ್ರಲ್‌ನಲ್ಲಿದ್ದರೆ ಹಲವು ಕಾರುಗಳಲ್ಲಿ ಇದು ಕೆಲಸ ಮಾಡುವುದೇ ಇಲ್ಲ. ಇಎಸ್‌ಸಿ ದೋಷದ ದೀಪ ಡ್ಯಾಶ್‌ಬೋರ್ಡ್‌ನಲ್ಲಿ ಉರಿಯುತ್ತಿದ್ದರೂ ಇದನ್ನು ನೆಚ್ಚುವಂತಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕೆಸರು ಹಾದಿ, ಪಾಚಿ ಕಟ್ಟಿದ ಕಾಂಕ್ರೀಟ್ ಏರುಗಳಲ್ಲಂತೂ ಚಕ್ರ ತಿರುಗದೆ ನಿಂತಿದ್ದರೂ ಟೈರ್ ಸಮೇತ ಗಾಡಿ ಜಾರಬಹುದು.

ಎಎಂಟಿ ಕಾರು ಇರುವವರಿಗೆ ಇದರ ಉಪಯೋಗ ಹೆಚ್ಚು. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಎಎಂಟಿ ಮನೆಮಾತಾಯಿತು. ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗೆ ಇರುವುದು ಮಾಮೂಲಿ ಕ್ಲಚ್ಚೇ, ಅದನ್ನು ಒತ್ತಿ ಬಿಡುವುದು ಯಂತ್ರ. ಕಡಿದಾದ ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಇದೂ ಹಿಂದೆ ಸರಿಯುತ್ತದೆ. ‘ಆಟೋಮ್ಯಾಟಿಕ್ ಅಲ್ಲವೇ, ನಿಲ್ಲುತ್ತದೆ’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಈ ಸೌಲಭ್ಯ ಇಲ್ಲದ ಕಾರುಗಳು ಇನ್ನೂ ಲಕ್ಷಾಂತರ ಓಡುತ್ತಿವೆ. ಅಂಥ ಕಾರಿನವರಿಗೆ ಹ್ಯಾಂಡ್‌ಬ್ರೇಕೇ ಗತಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತ ಬಂದರೆ ಎಂಜಿನ್‌ನ ಸದ್ದು ಇಳಿದು ಬಾನೆಟ್ ಸ್ವಲ್ಪ ಮೇಲೇಳುತ್ತದೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿದರೆ ಗಾಡಿ ಒಂದಿಂಚೂ ಜಾರದೆ ಹೊರಡುತ್ತದೆ. ಹಿಲ್ ಅಸಿಸ್ಟ್ ಇರುವವರೂ ಇದನ್ನು ಕಲಿತಿರಲೇಬೇಕು. ಅದರ ಬದಲು ಹಾಫ್ ಕ್ಲಚ್‌ನಲ್ಲೇ ಕಾರನ್ನು ಏರಿನಲ್ಲಿ ತೂಗಿಸಿ ನಿಲ್ಲಿಸುವವರು ಬಹಳ. ಆಗ ಬರುವ ಸುಟ್ಟ ವಾಸನೆ ಕ್ಲಚ್ ಪ್ಲೇಟ್‌ನದು, ಅದರ ಬಿಲ್ಲು ಆಮೇಲೆ ಗ್ಯಾರೇಜಿನಲ್ಲಿ ಬರುತ್ತದೆ.

ಘಾಟಿಯಲ್ಲಿ ಮುಂದಿರುವ ಲಾರಿಗೆ ಇಂಥ ಯಾವ ಸಹಾಯವೂ ಇಲ್ಲದಿರಬಹುದು. ಲಾರಿ ನಿಂತ ಕೂಡಲೇ ಕ್ಲೀನರ್ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡುವುದು ಅದಕ್ಕೇ. ಅಂಥ ಗಾಡಿಯ ಹಿಂದೆ ಒಂದು ಕಾರಿನಷ್ಟಾದರೂ ಜಾಗ ಬಿಟ್ಟು ನಿಲ್ಲಿ. ರಸ್ತೆ ಕಿರಿದಾಗಿರುವ ಕಡೆ, ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂದು ನಮ್ಮ ರಸ್ತೆ ನಿಯಮವೇ ಹೇಳುತ್ತದೆ. ಇಳಿಯುವಾಗ ಅದನ್ನು ಪಾಲಿಸಿ. ನಿಮ್ಮ ಕಾರಿನಲ್ಲಿ ಹಿಲ್ ಅಸಿಸ್ಟ್ ಇದೆಯೇ, ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಮುಂದಿನ ಪ್ರವಾಸಕ್ಕೆ ಮೊದಲು ಆ ಪುಟ ಓದಿ, ಹಿಂದೆ ಯಾರೂ ಇಲ್ಲದ ಸಣ್ಣ ಏರಿನಲ್ಲಿ ನಾಲ್ಕು ಸಲ ನಿಲ್ಲಿಸಿ ಹೊರಟು ನೋಡಿ.