ಡ್ರಮ್ಮಿಲ್ಲದ ತಾಳ

ಡಬಲ್ ಬಾಸ್ ಎಂಬ ತಂತಿವಾದ್ಯ ನುಡಿಸುವವರಿಗೆ ಎಪ್ಪತ್ತೈದರ ಆಸುಪಾಸು. ವೇದಿಕೆ ಹತ್ತುವ ಮುಂಚೆ ಬಾರ್ ಕೌಂಟರಿನ ತುದಿಯಲ್ಲಿ ಕೂತು ಬಲಗೈ ಬೆರಳುಗಳಿಗೆ ಬಿಳಿ ಟೇಪು ಸುತ್ತಿಕೊಳ್ಳುತ್ತಿದ್ದರು. ಒಂದೊಂದು ಬೆರಳಿಗೆ ಮೂರು ಸುತ್ತು, ಆಮೇಲೆ ಮಡಚಿ ನೋಡುವುದು. ಪಾಪ, ಗಾಯವಾಗಿದೆ ಅಂದುಕೊಂಡೆ. ಗಾಯ ಆಗದಿರಲಿ ಅಂತ ಸುತ್ತಿದ್ದು ಎಂದು ಗೊತ್ತಾಗಲು ಮೊದಲ ಹಾಡು ಶುರುವಾಗಬೇಕಾಯಿತು.

ಇದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರ. ಸೌತ್ ಕಾಂಗ್ರೆಸ್ ಅವೆನ್ಯೂದಲ್ಲಿರುವ ಕಾಂಟಿನೆಂಟಲ್ ಕ್ಲಬ್ 1955ರಲ್ಲಿ ಸಿರಿವಂತರ ರಾತ್ರಿಯೂಟದ ಕ್ಲಬ್ಬಾಗಿ ಆರಂಭವಾಯಿತು. ನಡುವೆ ಏನೇನೋ ವೇಷ ಹಾಕಿತು. 1987ರಲ್ಲಿ ಸ್ಟೀವ್ ವರ್ತೈಮರ್ ಅವರ ಕೈಗೆ ಬಂದ ಮೇಲೆ ಮತ್ತೆ ಐವತ್ತರ ದಶಕದ ಕಳೆ ತಳೆಯಿತು. ಈಗ ರಾಕಬಿಲಿ ಸಂಗೀತ ಕೇಳಬೇಕೆನ್ನುವವರಿಗೆ ಇದು ಗೊತ್ತಿರುವ ವಿಳಾಸ.

ರಾಕಬಿಲಿ ಎಂಬ ಹೆಸರು 'ರಾಕ್' ಮತ್ತು 'ಹಿಲ್‌ಬಿಲಿ'ಯ ಜೋಡಣೆ. ಹಿಲ್‌ಬಿಲಿ ಎಂದರೆ ಗುಡ್ಡಗಾಡಿನ ಗಮಾರ ಎಂಬ ಹೀಯಾಳಿಕೆ. ಆ ಜೋಡಣೆ ಕಿವಿಗೆ ಬಿದ್ದದ್ದು ಹೀಗೆ: 1954ರ ಜುಲೈ 5ರಂದು ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಅವರ ಪುಟ್ಟ ಸ್ಟುಡಿಯೊದಲ್ಲಿ 19 ವರ್ಷದ ಎಲ್ವಿಸ್ ಪ್ರೆಸ್ಲಿ, ಕಪ್ಪು ಗಾಯಕ ಆರ್ಥರ್ ಕ್ರುಡಪ್ ಅವರ ಬ್ಲೂಸ್ ಹಾಡೊಂದನ್ನು ಹಾಡಿದ. ಆ ಪ್ಲೇಟಿನ ಇನ್ನೊಂದು ಮಗ್ಗುಲಿಗೆ ಬಿಲ್ ಮನ್ರೋ ಅವರ ಬ್ಲೂಗ್ರಾಸ್ ಹಾಡು. ಕಪ್ಪು-ಬಿಳಿಯರು ಒಂದೇ ಬೆಂಚಿನಲ್ಲಿ ಕೂರದಿದ್ದ ಊರಿನಲ್ಲಿ ಇಬ್ಬರ ಸಂಗೀತವೂ ಒಂದೇ ಪ್ಲೇಟಿನ ಎರಡು ಬದಿಗೆ ಬಂದು ಕೂತಿತು.

ಅಲ್ಲಿ ಡ್ರಮ್ ಇರಲಿಲ್ಲ. ಎಲ್ವಿಸ್, ಗಿಟಾರಿನ ಸ್ಕಾಟಿ ಮೂರ್, ಬಾಸ್‌ನ ಬಿಲ್ ಬ್ಲ್ಯಾಕ್, ಇಷ್ಟೇ ಜನ. ತಾಳದ ಹೊರೆಯೆಲ್ಲ ಬಾಸ್ ಮೇಲೆ ಬಿತ್ತು. ನಾನು ಹೋದ ರಾತ್ರಿ ಕ್ಲಬ್ಬಿನ ವೇದಿಕೆ ಹತ್ತಿದವರೂ ಮೂವರೇ.

ಆಳೆತ್ತರದ ಡಬಲ್ ಬಾಸನ್ನು ಅಜ್ಜ ಹಳೇ ಗೆಳೆಯನ ಹೆಗಲಿಗೆ ಕೈ ಹಾಕಿದಂತೆ ಒರಗಿಸಿಕೊಂಡರು. ತಂತಿಯನ್ನು ಅವರು ಮೀಟಲಿಲ್ಲ, ಹಿಡಿದು ಎಳೆದು ಬಿಟ್ಟರು. ಅದು ಹಿಂದಕ್ಕೆ ಹಾರಿ ಕೆಳಗಿನ ಮರದ ಪಟ್ಟಿಗೆ ಬಡಿದು 'ಟಕ್' ಎಂದಿತು, ಸ್ವರವೂ ಹೊರಟಿತು. ಮರುಕ್ಷಣ ಅಂಗೈಯಿಂದ ಪಟ್ಟಿಗೆ ಏಟು, ಇದು ಬರೀ ತಾಳ. ಎಳೆ, ಬಡಿ, ಎಳೆ, ಬಡಿ. ಇದಕ್ಕೆ ಸ್ಲ್ಯಾಪ್ ಎನ್ನುತ್ತಾರೆ. ನನಗೆ ಜೋಗತಿಯರ ಚೌಡಿಕೆ ನೆನಪಾಯಿತು, ಅಲ್ಲೂ ತಂತಿಯೇ ತಾಳ. ನಾಲ್ಕನೆಯ ಹಾಡಿಗೆ ತೋರುಬೆರಳಿನ ಟೇಪು ಬಿಚ್ಚಿ ಬಾಲದಂತೆ ನೇತಾಡುತ್ತಿತ್ತು. ಅಜ್ಜ ಹಲ್ಲಿನಿಂದ ಕಚ್ಚಿ ಹರಿದು ಉಗುಳಿದರು, ತಾಳ ಮಾತ್ರ ತಪ್ಪಲಿಲ್ಲ.

ಗಿಟಾರ್ ಹಿಡಿದವರು ಕೈ ನಡುಗಿ ಒಂದೆರಡು ಕಡೆ ಎಡವಿದ್ದು ನಿಜ. ಗಂಟಲೂ ಮೇಲಿನ ಸ್ವರಕ್ಕೆ ಏರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಬತ್ತರ ದಶಕದಲ್ಲಿ ಸ್ಟ್ರೇ ಕ್ಯಾಟ್ಸ್ ತಂಡ ಈ ಸಂಗೀತಕ್ಕೆ ಹೊಸ ಪ್ರಾಯ ತಂದಿತ್ತು. ಆದರೆ ಆ ಹುಡುಗರ ಚುರುಕಿಗಿಂತ ಈ ಮುದುಕರ ಸಾವಧಾನವೇ ನನಗೆ ಹೆಚ್ಚು ಹಿಡಿಸಿತು. ಅವಸರವಿಲ್ಲದ ರಾಕಬಿಲಿ ಇನ್ನೂ ಚೆನ್ನಾಗಿ ಕುಣಿಸುತ್ತದೆ. ನನ್ನ ಮುಂದೆ ಕುಣಿಯುತ್ತಿದ್ದ ದಂಪತಿಗೂ ಎಪ್ಪತ್ತು ದಾಟಿರಬೇಕು.

ಆಸ್ಟಿನ್ ದೂರವಾಯಿತೆಂದರೆ ಎಲ್ವಿಸ್‌ನ 1954ರ ಆ ರೆಕಾರ್ಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡುವವನನ್ನು ಒಮ್ಮೆ ಬಿಟ್ಟುಬಿಡಿ, ಹಿಂದಿನ 'ಟಕ್'ಗೆ ಕಿವಿಗೊಡಿ.